ಕಡಲತೀರದ ವಿಹಾರದಲ್ಲಿ ಆರೋಗ್ಯರಕ್ಷಣೆ

ಪರೀಕ್ಷೆಗಳು ಮುಗಿದು ಬೇಸಿಗೆಯ ರಜೆ ಆರಂಭವಾದೊಡನೆ ದಾವಣಗೆರೆ, ಹಾವೇರಿ, ಚಿತ್ರದುರ್ಗ ಮೊದಲಾದ ಬಯಲುಸೀಮೆಯ ಜಿಲ್ಲೆಗಳಿಂದ ಅನೇಕ ಕುಟುಂಬಗಳು ಘಟ್ಟವಿಳಿದು ಕರಾವಳಿಗೆ ಬರುತ್ತವೆ. ಸುರತ್ಕಲ್ಲಿನ ದೀಪಸ್ತಂಭದ ಸಮೀಪದ ಮರಳದಂಡೆಯಲ್ಲಿ, ಮುಕ್ಕ, ಸಸಿಹಿತ್ಲು, ಪಣಂಬೂರುಗಳಲ್ಲಿ ಅಜ್ಜ-ಅಜ್ಜಿಯರಿಂದ ಮೊಮ್ಮಕ್ಕಳವರೆಗೆ ಮೂರು ತಲೆಮಾರಿನವರು ಒಟ್ಟಾಗಿ ವಿಹರಿಸುವುದನ್ನು ಕಾಣುವುದೇ ಒಂದು ಸಂತೋಷ. ಆದರೆ ವಿಶ್ರಾಂತಿಗೆಂದು ಬಂದವರು ಮೂರನೆಯ ದಿನ ಅಜೀರ್ಣ, ವಾಂತಿ, ಭೇದಿ, ತಲೆನೋವುಗಳೊಡನೆ ವೈದ್ಯರ ಬಳಿಗೆ ಬರುವುದೂ ಅಷ್ಟೇ ಸಾಮಾನ್ಯವಾಗಿದೆ. ಇದಕ್ಕೆ ಕಾರಣವೇನು, ಪರಿಹಾರವೇನು ಎಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ.

ಒಂದೇ ಮೊತ್ತದ ವಿಹಾರ

ವಸತಿ, ಊಟ, ಪಾನೀಯ, ಆಟಗಳೆಲ್ಲಕ್ಕೂ ಮೊದಲೇ ಒಂದು ಮೊತ್ತ ಕಟ್ಟುವ ಪದ್ಧತಿ ಈಗ ಎಲ್ಲೆಡೆ ಬಳಕೆಯಲ್ಲಿದೆ. 1950ರಲ್ಲಿ ಜೆರಾರ್ಡ್ ಬ್ಲಿಟ್ಜ್ ಎಂಬವರು ಸ್ಪೇನಿನ ಮಯೋರ್ಕಾ ದ್ವೀಪದ ಕಡಲತೀರದಲ್ಲಿ ಡೇರೆಗಳನ್ನು ಹಾಕಿ ಕ್ಲಬ್ ಮೆಡ್ ಆರಂಭಿಸಿದಾಗ ಇದಕ್ಕೆ ಹೆಸರು ಬಂದಿತು. ಮುಂದೆ ಜಮೈಕಾ ಮೊದಲಾದ ಕೆರಿಬಿಯನ್ ದ್ವೀಪಗಳ ದೊಡ್ಡ ರೆಸಾರ್ಟುಗಳು ಇದನ್ನೇ ಅನುಸರಿಸಿದವು. ಅಮೆರಿಕದಲ್ಲಿ ನೆಲೆಸಿದ ಮಕ್ಕಳು ಊರಿನಿಂದ ಬಂದ ತಂದೆತಾಯಿಯರನ್ನು ಅಂತಹ ಸ್ಥಳಗಳಿಗೆ ಕರೆದೊಯ್ಯುವುದುಂಟು. ನಮ್ಮ ಕರಾವಳಿಯ ರೆಸಾರ್ಟುಗಳಲ್ಲಿಯೂ ಮೂರು ಹೊತ್ತಿನ ಊಟ ಸೇರಿದ ಪ್ಯಾಕೇಜುಗಳಿವೆ.

ವ್ಯವಸ್ಥೆಯಲ್ಲಿ ದೋಷವಿಲ್ಲ. ಪ್ರತಿ ಹೊತ್ತಿಗೂ ಹಣದ ಲೆಕ್ಕ ಹಾಕುವ ತೊಂದರೆ ತಪ್ಪುತ್ತದೆ. ಆದರೆ "ಕೊಟ್ಟ ಹಣ ವ್ಯರ್ಥವಾಗಬಾರದು" ಎಂಬ ಭಾವನೆ ಮನಸ್ಸಿನಲ್ಲಿ ಹೊಕ್ಕಾಗ ಹಸಿವಿಲ್ಲದಿದ್ದರೂ ತಿನ್ನುವುದು, ದಣಿದಿದ್ದರೂ ಆಡುವುದು ಆರಂಭವಾಗುತ್ತದೆ. ಕಟ್ಟಿದ ಹಣದ ಲೆಕ್ಕ ಜಠರಾಗ್ನಿಗೆ ತಿಳಿಯದು.

ಆಹಾರದ ಪ್ರಮಾಣ

ಜಠರದ ಎರಡು ಭಾಗವನ್ನು ಘನಾಹಾರದಿಂದ, ಒಂದು ಭಾಗವನ್ನು ದ್ರವದಿಂದ ತುಂಬಿ, ನಾಲ್ಕನೆಯ ಭಾಗವನ್ನು ವಾಯುವಿನ ಸಂಚಾರಕ್ಕೆ ಬಿಡಬೇಕೆಂದು ವಾಗ್ಭಟಾಚಾರ್ಯರು ಅಷ್ಟಾಂಗಹೃದಯದಲ್ಲಿ ವಿಧಿಸಿದ್ದಾರೆ. ಹಿಂದಿನ ಊಟ ಜೀರ್ಣವಾಗುವ ಮೊದಲೇ ಮತ್ತೆ ಉಣ್ಣುವುದು ಅಧ್ಯಶನ. ಹಿತವಾದುದನ್ನೂ ಅಹಿತವಾದುದನ್ನೂ ಬೆರೆಸಿ ಉಣ್ಣುವುದು ಸಮಶನ. ಹೊತ್ತು ಮೀರಿ, ಪ್ರಮಾಣ ತಪ್ಪಿ ಉಣ್ಣುವುದು ವಿಷಮಾಶನ. ಇಪ್ಪತ್ತು ಬಗೆಯ ತಿನಿಸು ಸಾಲಾಗಿ ಇಟ್ಟಿರುವ ಬಫೆಯಲ್ಲಿ ಈ ಮೂರೂ ಒಂದೇ ದಿನದಲ್ಲಿ ನಡೆದುಬಿಡುತ್ತವೆ.

ಆದ್ದರಿಂದ ತಟ್ಟೆ ಹಿಡಿಯುವ ಮೊದಲು ಎಲ್ಲವನ್ನೂ ಒಮ್ಮೆ ನೋಡಿ, ಮೂರು-ನಾಲ್ಕು ಪದಾರ್ಥಗಳನ್ನು ಮಾತ್ರ ಆರಿಸಿಕೊಳ್ಳುವುದು ಲೇಸು. ಬಿಸಿಯಾಗಿರುವುದನ್ನೇ ಬಡಿಸಿಕೊಳ್ಳಬೇಕು, ಬಹಳ ಹೊತ್ತು ತೆರೆದಿಟ್ಟ ಹಣ್ಣಿನ ಹೋಳು, ಚಟ್ನಿಗಳನ್ನು ಬಿಡಬೇಕು. ದಾಸೋಹದಲ್ಲಿ ಬೇಕಾದಷ್ಟನ್ನೇ ನೀಡಿಸಿಕೊಂಡು ಒಂದಗುಳೂ ಉಳಿಯದಂತೆ ಉಣ್ಣುವ ಅಭ್ಯಾಸವುಳ್ಳವರಿಗೆ ಇದು ಹೊಸ ಪಾಠವಲ್ಲ. ಮಧ್ಯಾಹ್ನ ಭಾರಿ ಊಟವಾಗಿದ್ದರೆ ರಾತ್ರಿ ಕುಚ್ಚಲಕ್ಕಿ ಗಂಜಿ ಅಥವಾ ಅನ್ನ-ಮಜ್ಜಿಗೆ ಸಾಕು.

ಊಟ ಮತ್ತು ಕಡಲಸ್ನಾನ

ಊಟವಾದೊಡನೆ, ಅಜೀರ್ಣವಿದ್ದಾಗ, ಭೇದಿ, ನೆಗಡಿ, ಕಣ್ಣು-ಕಿವಿಯ ರೋಗಗಳಿದ್ದಾಗ ಸ್ನಾನವನ್ನು ಆಯುರ್ವೇದವು ನಿಷೇಧಿಸಿದೆ. ಹೊಟ್ಟೆ ಬಿರಿಯುವಂತೆ ಉಂಡು ಜಡವಾದ ದೇಹದಿಂದ ಅಲೆಗಳೊಡನೆ ಸೆಣಸುವುದು ಸರಿಯಲ್ಲ. ಬೆಳಿಗ್ಗೆ ಹಗುರಾದ ಉಪಾಹಾರ ಜೀರ್ಣವಾದ ಮೇಲೆ, ಇಲ್ಲವೇ ಸಂಜೆ ಬಿಸಿಲು ಇಳಿದ ಮೇಲೆ, ಬೆಳಕಿರುವಾಗಲೇ ನೀರಿಗಿಳಿಯುವುದು ಉತ್ತಮ. ಮದ್ಯ ಸೇವಿಸಿದವರು ನೀರಿಗಿಳಿಯಲೇಬಾರದು.

ಬಿಸಿಲು ಮತ್ತು ಬೆವರು

ಬಯಲುಸೀಮೆಯ ಒಣಹವೆಯಲ್ಲಿ ಬೆವರು ಬೇಗ ಆರಿ ದೇಹ ತಂಪಾಗುತ್ತದೆ. ಕರಾವಳಿಯ ತೇವಭರಿತ ಗಾಳಿಯಲ್ಲಿ ಬೆವರು ಸುರಿದರೂ ಆರುವುದಿಲ್ಲ. ಉಷ್ಣ ಒಳಗೇ ಉಳಿಯುತ್ತದೆ. ಬಾಯಾರಿಕೆಗೆ ಕಾಯದೆ ಆಗಾಗ ನೀರು, ಮಜ್ಜಿಗೆ, ಬೊಂಡ, ಪುನರ್ಪುಳಿಯ ಪಾನಕಗಳನ್ನು ಕುಡಿಯಬೇಕು. ಮಧುಮೇಹಿಗಳಿಗೆ ಪಾನಕ ಸಕ್ಕರೆಯಿಲ್ಲದೆ ಇರಲಿ. ಮೂತ್ರಪಿಂಡದ ರೋಗವುಳ್ಳವರು ವೈದ್ಯರನ್ನು ಕೇಳದೆ ಬೊಂಡ ಕುಡಿಯಬಾರದು. ಅದರಲ್ಲಿ ಪೊಟ್ಯಾಸಿಯಂ ಅಧಿಕ.

ವಾಂತಿ-ಭೇದಿಯಾದರೆ ಒಂದು ಲೀಟರ್ ಶುದ್ಧ ನೀರಿಗೆ ಸಪಾಟಾದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ ಸ್ವಲ್ಪಸ್ವಲ್ಪವಾಗಿ ಕುಡಿಸಬೇಕು. ಮಗು ಮಂಕಾದರೆ, ಮೂತ್ರ ಕಡಿಮೆಯಾದರೆ, ಮಲದಲ್ಲಿ ರಕ್ತ ಕಂಡರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ಆಸ್ಪತ್ರೆಗೆ ಒಯ್ಯಬೇಕು. ಬಿಸಿಲಿನಲ್ಲಿದ್ದವರ ಮೈ ಸುಡುತ್ತಿದ್ದು ಮಾತು ತೊದಲಿದರೆ ನೆರಳಿಗೆ ಸೇರಿಸಿ, ಮೈಮೇಲೆ ನೀರು ಸುರಿದು ಗಾಳಿ ಬೀಸುತ್ತ 108ಕ್ಕೆ ಕರೆ ಮಾಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು.

ಕಡಲಿನ ಸೆಳೆತ

ಕೆರೆ-ಕಾಲುವೆಯಲ್ಲಿ ಈಜು ಕಲಿತವರಿಗೆ ಕಡಲು ಹೊಸದು. ದಡಕ್ಕೆ ಬಂದ ಅಲೆಗಳ ನೀರು ಕೆಲವೆಡೆ ಕಿರಿದಾದ ಪ್ರವಾಹವಾಗಿ ರಭಸದಿಂದ ಹಿಂದಕ್ಕೆ ಹರಿಯುತ್ತದೆ. ಅಲ್ಲಿ ಅಲೆ ಒಡೆಯುವುದು ಕಡಿಮೆ. ಆದ್ದರಿಂದ ಅರಿಯದವರಿಗೆ ಅದೇ ಶಾಂತವಾದ ಜಾಗವಾಗಿ ಕಾಣುತ್ತದೆ. ಅದರಲ್ಲಿ ಸಿಕ್ಕವರು ನೇರವಾಗಿ ದಡದ ಕಡೆಗೆ ಈಜಿದರೆ ಶಕ್ತಿ ಮುಗಿಯುತ್ತದೆ. ತೇಲುತ್ತ ಕೈಯೆತ್ತಿ ಕೂಗಬೇಕು. ಈಜಬಲ್ಲವರು ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬಂದ ಮೇಲೆ ದಡಕ್ಕೆ ತಿರುಗಬೇಕು.

ಒಬ್ಬರನ್ನು ಉಳಿಸಲು ಮತ್ತೊಬ್ಬರು ಧುಮುಕಿ ಒಂದೇ ಮನೆಯ ಇಬ್ಬರು ಮೂವರು ಮುಳುಗುವುದೇ ಅತ್ಯಂತ ದುಃಖದ ಸಂಗತಿ. ದಡದಲ್ಲಿರುವವರು ಹಗ್ಗ, ಖಾಲಿ ಕ್ಯಾನು, ಟ್ಯೂಬು ಎಸೆದು, ಜೀವರಕ್ಷಕರನ್ನು ಕೂಗಿ, 112ಕ್ಕೆ ಕರೆ ಮಾಡಬೇಕು. ಮೇಲೆತ್ತಿದವರ ಹೊಟ್ಟೆಯನ್ನು ಒತ್ತಿ ನೀರು ತೆಗೆಯುವ ಪ್ರಯತ್ನ ಬೇಡ. ಉಸಿರಿಲ್ಲದಿದ್ದರೆ ಬಲ್ಲವರು ಕೂಡಲೇ ಬಾಯಿಯಿಂದ ಉಸಿರು ಕೊಟ್ಟು ಎದೆಯೊತ್ತಬೇಕು. ಚೇತರಿಸಿಕೊಂಡಂತೆ ಕಂಡರೂ ಆಸ್ಪತ್ರೆಯ ಪರೀಕ್ಷೆ ಅಗತ್ಯ.

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ಮೀನುಗಳ ಸಂತಾನಾಭಿವೃದ್ಧಿ ಅದರ ಮುಖ್ಯ ಉದ್ದೇಶವಾದರೂ ಕಡಲು ಪ್ರಕ್ಷುಬ್ಧವಾಗಿರುವ ಕಾಲವೂ ಅದೇ. ಮಳೆಗಾಲದಲ್ಲಿ ಬಂದವರು ಕಡಲನ್ನು ದೂರದಿಂದಲೇ ನೋಡಿ ಆನಂದಿಸಲಿ.

ಹೊರಡುವ ಮುನ್ನ

ಹಿರಿಯರ ರಕ್ತದೊತ್ತಡ, ಮಧುಮೇಹದ ಮಾತ್ರೆಗಳನ್ನು ಎರಡು ದಿನಕ್ಕೆ ಹೆಚ್ಚಾಗಿಯೇ ಕೈಚೀಲದಲ್ಲಿ ಇಟ್ಟುಕೊಳ್ಳಿ. ಊಟದ ಹೊತ್ತು ಮನೆಯಲ್ಲಿದ್ದಂತೆಯೇ ಇರಲಿ. ಮಕ್ಕಳು ನೀರಿನ ಬಳಿ ಇರುವಷ್ಟು ಹೊತ್ತೂ ಅವರ ಮೇಲೆ ಕಣ್ಣಿಡಲು ಒಬ್ಬರನ್ನು ಹೆಸರಿಸಿ ನೇಮಿಸಿ. ಅವರ ಕೈಯಲ್ಲಿ ಮೊಬೈಲು ಬೇಡ. ಎಲ್ಲರೂ ನೋಡಿಕೊಳ್ಳುತ್ತಾರೆ ಎಂದು ಬಿಟ್ಟಾಗಲೇ ಯಾರೂ ನೋಡದಂತಾಗುತ್ತದೆ.