ಆರೋಗ್ಯ ಕಾರ್ಯಕರ್ತರ ಸಂಘಗಳು: ಪೈಪೋಟಿ ಮತ್ತು ಮಾನ್ಯತೆ

ಕೋಲಾರ ತಾಲ್ಲೂಕಿನ ವೇಮಗಲ್‌ನಲ್ಲಿ ಮನೆಮನೆ ಸುತ್ತುವ ಆಶಾ ಕಾರ್ಯಕರ್ತೆಯ ಪರವಾಗಿ ಸರ್ಕಾರದೊಡನೆ ಮಾತನಾಡುವವರು ಯಾರು? ರಾಜ್ಯದಲ್ಲಿ ಎಐಯುಟಿಯುಸಿ ಸಂಯೋಜಿತ ಸಂಯುಕ್ತ ಆಶಾ ಕಾರ್ಯಕರ್ತೆಯರ ಸಂಘವಿದೆ, ಸಿಐಟಿಯು (ಸ್ಥಾಪನೆ 1970) ಸಂಘಟನೆಯೂ ಇದೆ. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಧರಣಿ ನಡೆಸಿದ್ದು ಇವುಗಳಲ್ಲಿ ಮೊದಲನೆಯ ಸಂಘ. ಮಾಸಿಕ ಕನಿಷ್ಠ ₹10,000 ನೀಡುವ ಭರವಸೆ ಆಗ ದೊರೆಯಿತು.

ಪರೀಕ್ಷಾರ್ಥಿಗಳು ಹೆಚ್ಚಾಗಿ ಎಡವುವುದು ನೋಂದಣಿ ಮತ್ತು ಮಾನ್ಯತೆಯ ವ್ಯತ್ಯಾಸದಲ್ಲಿ. 1926ರ ಕಾರ್ಮಿಕ ಸಂಘಗಳ ಕಾಯ್ದೆಯಡಿ ಏಳು ಸದಸ್ಯರು ನೋಂದಣಿಗೆ ಅರ್ಜಿ ಹಾಕಬಹುದಿತ್ತು. ಆದರೆ ಮಾಲೀಕರು ಯಾವ ಸಂಘದೊಡನೆ ಮಾತುಕತೆಗೆ ಕೂರಬೇಕೆಂದು ಆ ಕಾಯ್ದೆ ಹೇಳಲಿಲ್ಲ. ಸಂಘಗಳ ಪೈಪೋಟಿ ಬೆಳೆದದ್ದು ಈ ಖಾಲಿ ಜಾಗದಲ್ಲೇ. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ (ಜಾರಿ: 21 ನವೆಂಬರ್ 2025) ಶೇ 51ರಷ್ಟು ಕಾರ್ಮಿಕರ ಬೆಂಬಲವಿರುವ ಸಂಘವನ್ನು ಏಕೈಕ ಸಂಧಾನ ಸಂಘವೆನ್ನುತ್ತದೆ. ಅಷ್ಟು ಬಲ ಯಾರಿಗೂ ಇಲ್ಲದಿದ್ದರೆ, ತಲಾ ಶೇ 20ರಷ್ಟು ಬೆಂಬಲವಿರುವ ಸಂಘಗಳ ಸಂಧಾನ ಮಂಡಳಿ.

ಆಶಾ ಕಾರ್ಯಕರ್ತೆಯರಿಗೆ ಈ ಲೆಕ್ಕ ಸುಲಭವಾಗಿ ಅನ್ವಯಿಸದು. ಸರ್ಕಾರ ಅವರನ್ನು ನೌಕರರೆನ್ನದೆ, ಗೌರವಧನ ಪಡೆಯುವ ಸ್ವಯಂಸೇವಕಿಯರೆನ್ನುತ್ತದೆ. ಇದು ಅನ್ಯಾಯವೇ ಸರಿ. 2013ರ 45ನೇ ಭಾರತೀಯ ಕಾರ್ಮಿಕ ಸಮ್ಮೇಳನವೇ ಅವರನ್ನು ಕಾರ್ಮಿಕರೆಂದು ಪರಿಗಣಿಸಲು ಶಿಫಾರಸು ಮಾಡಿತ್ತು.

ಆಸ್ಪತ್ರೆ ನೌಕರರ ವಿಷಯದಲ್ಲಿ ನೆನಪಿಡಿ: ಆಸ್ಪತ್ರೆಯೂ ‘ಉದ್ಯಮ’ ಎಂದ 1978ರ ಸುಪ್ರೀಂ ಕೋರ್ಟ್ ತೀರ್ಪು ಬೆಂಗಳೂರು ಜಲಮಂಡಳಿ ವಿರುದ್ಧ ಎ. ರಾಜಪ್ಪ ಪ್ರಕರಣದ್ದು.