ಕೊರವ ಮೀನಿಗೆ ಗಾಳ: ಹೊಸಬರಿಗೆ ಮೊದಲ ಪಾಠ

ಬೇಸಿಗೆಯಲ್ಲಿ ನೀರು ತಗ್ಗಿದಾಗ ಸೊರಬ, ಶಿಕಾರಿಪುರ ಸೀಮೆಯಲ್ಲಿ ಊರಿಗೆ ಊರೇ ಕೂಣಿ (ಮೀನು ಹಿಡಿಯುವ ಬುಟ್ಟಿ) ಹಿಡಿದು ಕೆರೆಗಿಳಿಯುತ್ತದೆ. ಆ ಕೆರೆಬೇಟೆಯ ಗದ್ದಲ, ಸಂಭ್ರಮ ಎಲ್ಲರಿಗೂ ಗೊತ್ತು. ಗಾಳದ ಬೇಟೆ ಬೇರೆಯೇ ಬಗೆಯದು. ಒಬ್ಬರೇ ಕೂತು, ಸದ್ದಿಲ್ಲದೆ, ನೀರನ್ನು ನೋಡುತ್ತಾ ಕಲಿಯಬೇಕಾದ ವಿದ್ಯೆ ಇದು. ಗಾಳವನ್ನು ಇದುವರೆಗೆ ಮುಟ್ಟದವರಿಗಾಗಿ ಈ ಪಾಠ. ಇದಕ್ಕೆ ನಾನು ಆರಿಸಿಕೊಂಡಿರುವುದು ಕೊರವ ಮೀನನ್ನು. ಕೆಲವು ಕಡೆ ಇದನ್ನು ಕುಚ್ಚು ಎನ್ನುತ್ತಾರೆ. ಗಾಳಕ್ಕೆ ಸಿಕ್ಕರೂ ಕೈಗೆ ಸಿಗದೆ ತಪ್ಪಿಸಿಕೊಳ್ಳುವುದರಲ್ಲಿ ಇದು ನಿಸ್ಸೀಮ.

ಮೊದಲು ಮೀನಿನ ಸ್ವಭಾವ ತಿಳಿಯಿರಿ. ಕೊರವಕ್ಕೆ ಕಿವಿರಿನಿಂದ ಉಸಿರಾಡಿದರೆ ಸಾಲದು. ತಲೆಯೊಳಗೆ ಗಾಳಿಯನ್ನು ಹೀರುವ ಇನ್ನೊಂದು ಅಂಗವಿದೆ. ಹಾಗಾಗಿ ಆಗಾಗ ಮೇಲೆ ಬಂದು ಗಾಳಿ ಕುಡಿದು ಮುಳುಗುತ್ತದೆ. ನೀರು ಬತ್ತಿದಾಗ ಒದ್ದೆ ಕೆಸರಿನಲ್ಲೂ ಅದು ಬದುಕಿ ಉಳಿಯುವುದು ಇದರಿಂದಲೇ. ಬೇಟೆಯಾಡುವುದು ಹೊಂಚು ಹಾಕಿ. ಜೊಂಡು, ತಾವರೆ ಎಲೆ, ಅಂತರಗಂಗೆಯ ಮರೆಯಲ್ಲಿ ಅಲ್ಲಾಡದೆ ನಿಂತು, ಕಪ್ಪೆಯೋ ಸಣ್ಣ ಮೀನೋ ಹತ್ತಿರ ಬಂದಾಗ ಒಮ್ಮೆಲೇ ಎರಗುತ್ತದೆ.

ಆದ್ದರಿಂದ ಕೆರೆಗೆ ಹೋದ ಕೂಡಲೇ ಗಾಳ ಎಸೆಯಬೇಡಿ. ಏರಿಯ ಮೇಲೆ ಕೂತು ಸ್ವಲ್ಪ ಹೊತ್ತು ನೀರನ್ನು ನೋಡಿ. ಬೆಳಗಿನ ತಂಪಿನಲ್ಲಿ ಅಥವಾ ಸಂಜೆ ಬಿಸಿಲಿಳಿದ ಮೇಲೆ ನೋಡುವುದು ಒಳ್ಳೆಯದು. ಗಿಡಗಳ ಅಂಚಿನಲ್ಲಿ ಗುಳಕ್ ಎಂದು ಸದ್ದಾಗಿ ಉಂಗುರ ಎದ್ದರೆ ಅಲ್ಲಿ ಕೊರವ ಇರಬಹುದು. ನಿಮ್ಮ ನೆರಳು ನೀರಿನ ಮೇಲೆ ಬೀಳದಿರಲಿ, ದಡದಲ್ಲಿ ಕಾಲು ಅಪ್ಪಳಿಸದಿರಲಿ.

ಸಲಕರಣೆ ಸರಳವಾಗಿರಲಿ. ಗಟ್ಟಿ ಬಿದಿರಿನ ಕೋಲು ಸಾಕು. ರೀಲು ಇದ್ದರೆ ಇನ್ನೂ ಒಳ್ಳೆಯದು. ದಾರ ಮಾತ್ರ ದಪ್ಪದ್ದೇ ಬೇಕು, ಏಕೆಂದರೆ ಮೀನಿನ ಜೊತೆಗೆ ಗಿಡದ ಭಾರವನ್ನೂ ಅದು ಎಳೆಯಬೇಕಾಗುತ್ತದೆ. ಗಂಟು ಬಿಗಿಯುವ ಮುನ್ನ ದಾರವನ್ನು ಒದ್ದೆ ಮಾಡಿ. ಒಣ ದಾರ ಉಜ್ಜಿಕೊಂಡು ಬಿಸಿಯಾಗಿ ಗಂಟಿನಲ್ಲೇ ಬಲ ಕಳೆದುಕೊಳ್ಳುತ್ತದೆ. ಗಾಳದ ಮೊನೆಯನ್ನು ಉಗುರಿನ ಮೇಲೆ ಮೆಲ್ಲಗೆ ಎಳೆದು ನೋಡಿ. ಜಾರಿದರೆ ಮೊಂಡಾಗಿದೆ, ಅರದಿಂದ ಮಸೆಯಿರಿ. ಕೊರವದ ಬಾಯಿ ಎಲುಬಿನಷ್ಟು ಗಟ್ಟಿ, ಮೊಂಡು ಗಾಳ ಅದರಲ್ಲಿ ನಾಟುವುದಿಲ್ಲ.

ಇನ್ನು ಗಾಳ ನಾಟಿಸುವ ಕ್ಷಣ. ಎರೆಹುಳು ಸಿಕ್ಕಿಸಿ ಬೆಂಡು ಕಟ್ಟಿದ್ದರೆ, ಬೆಂಡು ಅಲುಗಾಡಿದಾಗ ಎಳೆಯಬೇಡಿ. ಅದು ಪೂರ್ತಿ ಮುಳುಗಿ ಒಂದು ಕಡೆಗೆ ಸಾಗತೊಡಗಿದಾಗ ಎಳೆಯಿರಿ. ರಬ್ಬರಿನ ಕಪ್ಪೆಯನ್ನು ನೀರಿನ ಮೇಲೆ ಎಳೆಯುತ್ತಿದ್ದರೆ ಇನ್ನೂ ಹೆಚ್ಚು ತಾಳ್ಮೆ ಬೇಕು. ನೀರು ಸಿಡಿದ ಸದ್ದಿಗೆ ಬೆಚ್ಚಿ ಕೈ ತಾನಾಗಿ ಎಳೆದುಬಿಡುತ್ತದೆ, ಮೀನಿನ ಬಾಯಿಂದ ಕಪ್ಪೆ ಹಾರಿಹೋಗುತ್ತದೆ. ಸದ್ದನ್ನು ನಂಬಬೇಡಿ. ದಾರದಲ್ಲಿ ಮೀನಿನ ಭಾರ ಕೈಗೆ ತಿಳಿದ ಮೇಲೆ ಜೋರಾಗಿ ಎತ್ತಿ.

ಗಾಳ ನಾಟಿದೊಡನೆ ಕೊರವ ಗಿಡದ ಬುಡಕ್ಕೆ ನುಗ್ಗುತ್ತದೆ. ಅಲ್ಲಿಗೆ ತಲುಪಿದರೆ ದಾರ ಸುತ್ತಿಕೊಂಡು ಹರಿಯುತ್ತದೆ. ಕೋಲನ್ನು ಎತ್ತಿ ಹಿಡಿದು ಮೀನಿನ ತಲೆಯನ್ನು ತೆರೆದ ನೀರಿನ ಕಡೆಗೆ ತಿರುಗಿಸಿ. ದಾರ ಒಂದು ಗಳಿಗೆಯೂ ಸಡಿಲವಾಗಕೂಡದು. ಸಡಿಲವಾದಾಗ ಮೀನು ತಲೆ ಒದರಿ ಗಾಳ ಕಳಚಿಕೊಳ್ಳುತ್ತದೆ. ದಡಕ್ಕೆ ಬಂದ ಮೀನನ್ನು ದಾರ ಹಿಡಿದು ಮೇಲೆತ್ತಬೇಡಿ, ಕೈಬಲೆಯನ್ನು ಅಡಿಗೆ ತನ್ನಿ. ಹಲ್ಲು ಚೂಪಾಗಿರುವುದರಿಂದ ಗಾಳ ಬಿಡಿಸಲು ಇಕ್ಕಳವನ್ನೇ ಬಳಸಿ.

ಎಲ್ಲಿ ಕಲಿಯಬೇಕು? ನಿಮ್ಮೂರಿನ ಕೆರೆಯೇ ಸಾಕು. ಆದರೆ ಬಹಳಷ್ಟು ಕೆರೆಗಳ ಮೀನು ಗುತ್ತಿಗೆಗೆ ಹೋಗಿರುತ್ತದೆ. ಗುತ್ತಿಗೆದಾರರನ್ನೋ ಮೀನುಗಾರರ ಸಹಕಾರ ಸಂಘವನ್ನೋ ಕೇಳಿಯೇ ಗಾಳ ಹಾಕಿ. ಕುಮುದ್ವತಿ ನದಿಗೆ ಕಟ್ಟಿದ ಅಂಜನಾಪುರದಂಥ ಜಲಾಶಯಕ್ಕೆ ಹೋಗುವುದಾದರೆ ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿ. ಸೊರಬದ ಗುಡವಿ ಪಕ್ಷಿಧಾಮದ ಕೆರೆಗೆ ಗಾಳ ಒಯ್ಯಲೇಬೇಡಿ, ಅದು ಹಕ್ಕಿಗಳ ಜಾಗ. ವಿಷ, ಸಿಡಿಮದ್ದು ಹಾಕಿ ಮೀನು ಹಿಡಿಯುವುದನ್ನು ಕಾನೂನೇ ಅಪರಾಧ ಎಂದಿದೆ. ಯಾರಾದರೂ ಹಾಗೆ ಮಾಡುವುದು ಕಂಡರೆ ಊರಿನ ಹಿರಿಯರಿಗೆ, ಪಂಚಾಯಿತಿಗೆ ತಿಳಿಸಿ.

ಕೊನೆಯ ಮಾತು, ಎಲ್ಲಕ್ಕಿಂತ ಮುಖ್ಯವಾದದ್ದು. ಮಳೆಗಾಲದಲ್ಲಿ ಗಿಡಗಳ ನಡುವೆ ಕೆಂಪು ಬಣ್ಣದ ಪುಟ್ಟ ಮರಿಗಳ ಗುಂಪು ಒಟ್ಟಾಗಿ ಮೇಲೇಳುತ್ತಾ ಮುಳುಗುತ್ತಾ ಸಾಗುವುದು ಕಾಣಬಹುದು. ಅವುಗಳ ಕೆಳಗೆ ತಂದೆತಾಯಿ ಕೊರವ ಕಾವಲಿರುತ್ತವೆ. ಹತ್ತಿರ ಬಂದದ್ದಕ್ಕೆಲ್ಲ ಎರಗುವುದರಿಂದ ಆಗ ಅವುಗಳನ್ನು ಹಿಡಿಯುವುದು ಬಲು ಸುಲಭ. ಆದರೆ ಕಾವಲು ತಪ್ಪಿದರೆ ಆ ಮರಿಗಳೆಲ್ಲ ಬೇರೆ ಮೀನುಗಳ ಬಾಯಿಗೆ ಬೀಳುತ್ತವೆ. ಒಂದು ಮೀನಿನ ಆಸೆಗೆ ಕೆರೆಯ ಮುಂದಿನ ವರ್ಷದ ಮೀನನ್ನೇ ಕಳೆಯಬೇಡಿ. ಮರಿ ಕಾಯುವ ಕೊರವಕ್ಕೆ ಯಾವತ್ತೂ ಗಾಳ ಹಾಕಬೇಡಿ. ನಿಮ್ಮ ಮಕ್ಕಳಿಗೂ ಮೊದಲು ಇದನ್ನೇ ಕಲಿಸಿ.