ಮನಸ್ಸಿನ ಮಾತು ರೀಲ್ಸ್‌ಗೆ ಬಂದಾಗ: ಕಾನೂನು ಗೊತ್ತಿರಲಿ

ಮುಂಬಯಿಯ ಮಾಟುಂಗ ಎಂದರೆ ಕಾಲೇಜುಗಳ ಬಡಾವಣೆ. ರುಯಿಯಾ, ಪೋದಾರ್, ಖಾಲ್ಸಾ, ವಿಜೆಟಿಐ, ಐಸಿಟಿ ಎಲ್ಲವೂ ನಡೆದೇ ಹೋಗಿ ಬರುವಷ್ಟು ಹತ್ತಿರ. 1926ರಲ್ಲಿ ಸ್ಥಾಪನೆಯಾದ ಕನ್ನಡಿಗರ ಮೈಸೂರು ಅಸೋಸಿಯೇಷನ್ ಇರುವುದೂ ಇಲ್ಲೇ, ಭಾವುದಾಜಿ ರಸ್ತೆಯಲ್ಲಿ. ಇಂಥ ಕಡೆ ಬೆಳೆದ ಹುಡುಗ ಹುಡುಗಿಯರು ಪರೀಕ್ಷೆಯ ಭಯ, ಖಿನ್ನತೆ, ಒಂಟಿತನದ ಬಗ್ಗೆ ಇನ್‌ಸ್ಟಾಗ್ರಾಮ್, ಯೂಟ್ಯೂಬಿನಲ್ಲಿ ಮಾತನಾಡಬೇಕು, ಅದನ್ನೇ ವೃತ್ತಿಯಾಗಿ ಮಾಡಿಕೊಳ್ಳಬೇಕು ಎಂದರೆ ಮನೆಯವರು ಹೆದರಬೇಕಿಲ್ಲ. ಬೆಂಗಳೂರಿನಲ್ಲಿ ಬೆಳೆದ ದೀಪಿಕಾ ಪಡುಕೋಣೆ 2015ರಲ್ಲಿ ತಮ್ಮ ಖಿನ್ನತೆಯ ಬಗ್ಗೆ ಬಹಿರಂಗವಾಗಿ ಹೇಳಿಕೊಂಡು, ಅದೇ ವರ್ಷ ಲಿವ್ ಲವ್ ಲಾಫ್ ಪ್ರತಿಷ್ಠಾನ ಕಟ್ಟಿದ ಮೇಲೆ ಈ ಮಾತು ಎಷ್ಟೋ ಮನೆಗಳ ಒಳಗೆ ಬಂದಿದೆ. ಕೆಲಸ ಒಳ್ಳೆಯದು. ಆದರೆ ಕ್ಯಾಮೆರಾದ ಮುಂದೆ ಕೂರುವ ಮೊದಲು ಕೆಲವು ಕಾಯಿದೆಗಳನ್ನು ತಿಳಿದುಕೊಂಡಿರಬೇಕು. ಕೆಲವು ನಿಮ್ಮನ್ನು ಕಾಯುತ್ತವೆ, ಕೆಲವು ನಿಮ್ಮನ್ನು ನಂಬಿ ಬರೆಯುವವರನ್ನು ಕಾಯುತ್ತವೆ.

ಮೊದಲು ನಿಮ್ಮ ಸ್ವಂತ ಅನುಭವ. ಅದನ್ನು ಹೇಳಿಕೊಳ್ಳಲು ಯಾರ ಅಪ್ಪಣೆಯೂ ಬೇಡ. ಆತ್ಮಹತ್ಯೆಗೆ ಯತ್ನಿಸಿ ಬದುಕುಳಿದವರು ‘ಹೇಳಿಕೊಂಡರೆ ಪೊಲೀಸ್ ಕೇಸಾಗುತ್ತದೆ’ ಎಂದು ಈಗಲೂ ಅಂಜುತ್ತಾರೆ. ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆ 2017ರ 115ನೇ ಕಲಮಿನ ಪ್ರಕಾರ ಅಂಥವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು. ಅವರನ್ನು ವಿಚಾರಣೆಗೆ ಗುರಿಪಡಿಸಿ ಶಿಕ್ಷಿಸುವ ಬದಲು ಸರ್ಕಾರ ಆರೈಕೆ ಒದಗಿಸಬೇಕು. 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಾಗ, ಆತ್ಮಹತ್ಯೆಯ ಯತ್ನವನ್ನೇ ಅಪರಾಧವೆನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 309ನೇ ಕಲಮು ಹೊರಟುಹೋಯಿತು. ಸರ್ಕಾರಿ ನೌಕರನನ್ನು ಮಣಿಸಲು ಅಥವಾ ತಡೆಯಲು ಮಾಡುವ ಯತ್ನ ಮಾತ್ರ ಹೊಸ ಸಂಹಿತೆಯ 226ನೇ ಕಲಮಿನಲ್ಲಿ ಅಪರಾಧವಾಗಿ ಉಳಿದಿದೆ. ಆದ್ದರಿಂದ ಧೈರ್ಯವಾಗಿ ಹೇಳಿ. ವಿಧಾನದ ವಿವರ, ಜಾಗದ ಚಿತ್ರ ಮಾತ್ರ ಬೇಡ. ವಿಶ್ವ ಆರೋಗ್ಯ ಸಂಸ್ಥೆ ಮಾಧ್ಯಮಗಳಿಗೆ ಕೊಟ್ಟ ಸೂಚನೆಯಿದು. ಭಾರತೀಯ ಪತ್ರಿಕಾ ಮಂಡಳಿಯೂ 2019ರಲ್ಲಿ ಅದನ್ನು ಒಪ್ಪಿಕೊಂಡಿದೆ. ಲಕ್ಷ ಜನ ನೋಡುವ ರೀಲ್ಸ್ ಮಾಡುವವರೂ ಅದನ್ನು ಪಾಲಿಸಬೇಕು.

ಗೆಳತಿಯ ಕಥೆ ನಿಮ್ಮದಲ್ಲ. ಮಾನಸಿಕ ಚಿಕಿತ್ಸಾ ಕೇಂದ್ರದಲ್ಲಿ ಚಿಕಿತ್ಸೆ ಪಡೆಯುತ್ತಿರುವವರ ಫೋಟೊ, ಮಾಹಿತಿ ಯಾವುದನ್ನೂ ಅವರ ಒಪ್ಪಿಗೆಯಿಲ್ಲದೆ ಮಾಧ್ಯಮಕ್ಕೆ ಕೊಡಕೂಡದು ಎನ್ನುತ್ತದೆ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯ 24ನೇ ಕಲಮು. ಡಿಜಿಟಲ್ ರೂಪದಲ್ಲಿರುವ ಮಾಹಿತಿಗೂ ಗೋಪ್ಯತೆಯ ಹಕ್ಕು ಅನ್ವಯಿಸುತ್ತದೆ. ಕಾಯಿದೆ ಮೀರಿದರೆ ಮೊದಲ ಸಲಕ್ಕೆ ಆರು ತಿಂಗಳವರೆಗೆ ಸೆರೆ, 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಹೆಸರು ಬದಲಿಸಿದೆ ಎಂದು ಸಮಾಧಾನ ಮಾಡಿಕೊಳ್ಳಬೇಡಿ. ಕಾಲೇಜು, ತರಗತಿ, ಊರು ಹೇಳಿದರೆ ಆ ಕಾಲೇಜಿನವರಿಗೆ ಹುಡುಗಿ ಯಾರೆಂದು ಗೊತ್ತಾಗಿಬಿಡುತ್ತದೆ. ಒಪ್ಪಿಗೆಯನ್ನು ಬರೆಸಿಕೊಳ್ಳಿ, ಎಲ್ಲಿ ಹಾಕುತ್ತೀರಿ, ಜಾಹೀರಾತಿಗೆ ಬಳಸುತ್ತೀರಾ ಎಂಬುದೂ ಅದರಲ್ಲಿರಲಿ. ಅವರು ಮನಸ್ಸು ಬದಲಿಸಿದ ದಿನ ವಿಡಿಯೊ ತೆಗೆದುಹಾಕಿ. ಹದಿನೆಂಟು ತುಂಬದವರ ಸಹಿಗೆ ಕರಾರಿನ ಬಲವಿಲ್ಲ ಎಂದು 1903ರ ಮೊಹೋರಿ ಬೀಬಿ ಪ್ರಕರಣದಿಂದಲೂ ಸ್ಪಷ್ಟವಾಗಿದೆ. ಹೆತ್ತವರು ಇಲ್ಲವೇ ಪಾಲಕರು ಒಪ್ಪದಿದ್ದರೆ ಕ್ಯಾಮೆರಾ ತೆರೆಯಬೇಡಿ.

ಇನ್ನು ಇನ್‌ಬಾಕ್ಸ್. ಈ ಕೆಲಸದ ನಿಜವಾದ ಭಾರ ಅಲ್ಲಿದೆ, ತಯಾರಿಯಿಲ್ಲದವರು ಎಡವುವುದೂ ಅಲ್ಲೇ. ರಾತ್ರಿ ಎರಡು ಗಂಟೆಗೆ ಹದಿನೈದರ ಹುಡುಗಿಯೊಬ್ಬಳು, ಮನೆಗೆ ಬರುವ ನೆಂಟರೊಬ್ಬರು ತನ್ನ ಮೈ ಮುಟ್ಟುತ್ತಾರೆ, ಯಾರಿಗೂ ಹೇಳಬೇಡಿ ಎಂದು ಬರೆಯುತ್ತಾಳೆ ಎಂದಿಟ್ಟುಕೊಳ್ಳಿ. ಗುಟ್ಟು ಕಾಪಾಡುತ್ತೇನೆ ಎಂದು ಮಾತು ಕೊಡುವ ಹಕ್ಕು ನಿಮಗಿಲ್ಲ. 2012ರ ಪೋಕ್ಸೋ ಕಾಯಿದೆಯ 19ನೇ ಕಲಮಿನಂತೆ, ಇಂಥದ್ದು ತಿಳಿದ ಯಾರೇ ಆಗಲಿ ಸ್ಥಳೀಯ ಪೊಲೀಸರಿಗೆ ಅಥವಾ ವಿಶೇಷ ಬಾಲ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಸೆರೆ, ಅಥವಾ ದಂಡ, ಅಥವಾ ಎರಡೂ. ತಿಳಿದವರೇ ಹದಿನೆಂಟರ ಒಳಗಿನವರಾದರೆ ಈ ಶಿಕ್ಷೆಯಿಲ್ಲ. ಸದ್ಭಾವನೆಯಿಂದ ತಿಳಿಸಿದವರ ಮೇಲೆ ಮೊಕದ್ದಮೆ ಹೂಡುವಂತೆಯೂ ಇಲ್ಲ. ಆ ಹುಡುಗಿಗೆ ಸುಳ್ಳು ಹೇಳಬೇಡಿ. ‘ನೀನು ಹೇಳಿದ್ದು ಒಳ್ಳೆಯದಾಯಿತು, ಇದನ್ನು ನಾನೊಬ್ಬಳೇ ಇಟ್ಟುಕೊಳ್ಳುವ ಹಾಗಿಲ್ಲ, ಇಬ್ಬರೂ ಸೇರಿ ಮಕ್ಕಳ ಸಹಾಯವಾಣಿ 1098ಕ್ಕೆ ಹೇಳೋಣ’ ಎನ್ನಿ. ಸಂದೇಶ ಅಳಿಸಬೇಡಿ, ಸ್ಕ್ರೀನ್‌ಶಾಟನ್ನು ಸ್ಟೋರಿಗೆ ಏರಿಸಲೂ ಬೇಡಿ. ಮಗುವಿನ ಗುರುತು ಬಯಲಾದರೆ ಪೋಕ್ಸೋ 23ನೇ ಕಲಮಿನಲ್ಲಿ ಕನಿಷ್ಠ ಆರು ತಿಂಗಳು, ಗರಿಷ್ಠ ಒಂದು ವರ್ಷ ಸೆರೆ, ಅಥವಾ ದಂಡ, ಅಥವಾ ಎರಡೂ. ಯಾರಾದರೂ ‘ಬದುಕುವುದು ಬೇಡ’ ಎಂದು ಬರೆದರೆ, ನೀವೇ ಕೌನ್ಸೆಲಿಂಗ್‌ಗೆ ಕೂರದೆ, ಹತ್ತಿರ ಯಾರಿದ್ದಾರೆ ಎಂದು ಕೇಳಿ, ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಕೊಡಿ. ಪ್ರಾಣಾಪಾಯವಿದ್ದರೆ 112.

ಅನುಭವ ಹಂಚಿಕೊಳ್ಳುವುದು ಬೇರೆ, ಚಿಕಿತ್ಸೆ ಕೊಡುವುದು ಬೇರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ವೃತ್ತಿ ನಡೆಸಲು ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಬೇಕು. ಇಲ್ಲದೆ ನಡೆಸಿದರೆ 1992ರ ಕಾಯಿದೆಯ 13ನೇ ಕಲಮಿನಲ್ಲಿ ಒಂದು ವರ್ಷದವರೆಗೆ ಸೆರೆಯಾಗಬಹುದು. ಮನೋವೈದ್ಯರು ವೈದ್ಯಕೀಯ ನೋಂದಣಿ ಪಡೆದ ಡಾಕ್ಟರೇ ಆಗಿರಬೇಕು. ಕೌನ್ಸೆಲರ್‌ಗಳನ್ನೂ ನಿಯಮದೊಳಗೆ ತರುವ ಸಹಾಯಕ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯಿದೆ 2021ರಲ್ಲಿ ಬಂದಿದೆ. ಎರಡು ವಾರದ ಆನ್‌ಲೈನ್ ಕೋರ್ಸ್ ಮುಗಿಸಿ ಬಯೋದಲ್ಲಿ ‘ಥೆರಪಿಸ್ಟ್’ ಎಂದು ಹಾಕಿಕೊಳ್ಳುವುದು ನೋವಿನಲ್ಲಿರುವವರಿಗೆ ಮಾಡುವ ಮೋಸ.

ಹಣದ ವಿಷಯಕ್ಕೆ ಬರೋಣ. ಥೆರಪಿ ಆ್ಯಪ್‌ನವರೋ ಔಷಧಿಯವರೋ ಹಣ ಕೊಟ್ಟರೆ ಅದು ಜಾಹೀರಾತು ಎಂದು ವಿಡಿಯೊದಲ್ಲೇ ಹೇಳಬೇಕು. 2023ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ಮಾರ್ಗಸೂಚಿಯ ಪ್ರಕಾರ, ಅರ್ಹ ಆರೋಗ್ಯ ಪರಿಣತರು ತಮ್ಮ ಅರ್ಹತೆಯನ್ನು ತಿಳಿಸಬೇಕು, ಪರಿಣತರೆಂದು ತೋರಿಸಿಕೊಳ್ಳುವ ಇತರರು ತಮ್ಮ ಮಾತು ವೈದ್ಯರ ಸಲಹೆಗೆ ಬದಲಿಯಲ್ಲವೆಂದು ಸ್ಪಷ್ಟವಾಗಿ ತಿಳಿಸಬೇಕು. ದಾರಿತಪ್ಪಿಸುವ ಪ್ರಚಾರಕ್ಕೆ ಗ್ರಾಹಕ ರಕ್ಷಣಾ ಕಾಯಿದೆ 2019ರಲ್ಲಿ 10 ಲಕ್ಷ ರೂಪಾಯಿವರೆಗೆ ದಂಡವಿದೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ. ಸೇವೆಯಿಂದ ಬರುವ ಆದಾಯ ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಟ್ರಸ್ಟ್ ಮಾಡುವವರು 1950ರ ಮಹಾರಾಷ್ಟ್ರ ಸಾರ್ವಜನಿಕ ಟ್ರಸ್ಟ್ ಕಾಯಿದೆಯಂತೆ ಚಾರಿಟಿ ಕಮಿಷನರ್ ಕಚೇರಿಯಲ್ಲಿ ನೋಂದಾಯಿಸಬೇಕು. ಅಮೆರಿಕದ ಪೌರತ್ವ ಪಡೆದ ಚಿಕ್ಕಪ್ಪ ಕಳಿಸುವ ದೇಣಿಗೆ ವಿದೇಶಿ ದೇಣಿಗೆಯೇ. ವಿದೇಶಿ ದೇಣಿಗೆ ನಿಯಂತ್ರಣ ಕಾಯಿದೆಯ (ಎಫ್‌ಸಿಆರ್‌ಎ) ಅನುಮತಿಯಿಲ್ಲದೆ ಪಡೆಯಬೇಡಿ.

ಹಕ್ಕೊತ್ತಾಯದ ಕೆಲಸಕ್ಕೆ ಈಗ ಒಂದು ಬಲವಾದ ಆಧಾರ ಸಿಕ್ಕಿದೆ. 2025ರ ಜುಲೈ 25ರಂದು ಸುಕದೇಬ್ ಸಾಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮಾನಸಿಕ ಆರೋಗ್ಯವು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದಿತು. 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಶಿಕ್ಷಣ ಸಂಸ್ಥೆಯಲ್ಲಿ ತರಬೇತಾದ ಒಬ್ಬ ಕೌನ್ಸೆಲರ್, ಮನಶ್ಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತರಾದರೂ ಇರಬೇಕು, ಸಹಾಯವಾಣಿ ಸಂಖ್ಯೆಗಳು ಕಾಣುವಂತೆ ಬರೆದಿರಬೇಕು ಎಂದು ಆದೇಶಿಸಿತು. ಕೋಚಿಂಗ್ ಕ್ಲಾಸುಗಳಿಗೂ ಇದು ಅನ್ವಯಿಸುತ್ತದೆ. ನಿಮ್ಮ ಕಾಲೇಜಿನಲ್ಲಿ ಪಾಲನೆಯಾಗಿದೆಯೇ ಎಂದು ಪ್ರಾಂಶುಪಾಲರಿಗೆ ಪತ್ರ ಬರೆದು ಕೇಳಿ. ಸರ್ಕಾರಿ ಕಾಲೇಜಾದರೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಸಾಕು, 30 ದಿನದಲ್ಲಿ ಉತ್ತರ ಕೊಡಬೇಕು. ಇಂಥ ಒಂದು ಉತ್ತರದ ಮೇಲೆ ಮಾಡಿದ ವಿಡಿಯೊ ನೂರು ‘ಧೈರ್ಯವಾಗಿರಿ’ ರೀಲ್ಸ್‌ಗಿಂತ ಹೆಚ್ಚು ಉಪಯುಕ್ತ ಎಂಬುದು ನನ್ನ ಖಚಿತ ಅಭಿಪ್ರಾಯ.

‘ಹುಚ್ಚಿ’ ಎಂದು ಬರೆದು ಬೆನ್ನುಹತ್ತುವವರು, ಬೆದರಿಸುವವರು ಬಂದರೆ ಲಿಂಕ್, ತಾರೀಖು, ಸ್ಕ್ರೀನ್‌ಶಾಟ್ ಇಟ್ಟುಕೊಂಡು ಸೈಬರ್ ಅಪರಾಧಗಳ ರಾಷ್ಟ್ರೀಯ ಪೋರ್ಟಲ್‌ನಲ್ಲಿ ದೂರು ಕೊಡಿ. ಯಾವ ಠಾಣೆಗೆ ಹೋದರೂ ‘ನಮ್ಮ ವ್ಯಾಪ್ತಿಯಲ್ಲ’ ಎಂದು ಕಳಿಸುವಂತಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು ಜೀರೊ ಎಫ್‌ಐಆರ್‌ಗೆ ಅವಕಾಶ ಕೊಡುತ್ತದೆ. ವಕೀಲರ ಶುಲ್ಕದ ಚಿಂತೆ ಬೇಡ: ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟರಿಗೆ, ಅಂಗವಿಕಲರಿಗೆ ಉಚಿತ ಕಾನೂನು ನೆರವಿದೆ, ಸಂಖ್ಯೆ 15100.

ನಮ್ಮ ಕನ್ನಡ ಸಂಘಗಳಿಗೂ ಒಂದು ವಿನಂತಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟು, ಪರೀಕ್ಷೆಯ ಕಾಲಕ್ಕೆ ಮುನ್ನ ಒಂದು ಅರಿವು ಶಿಬಿರ ಇಟ್ಟುಕೊಳ್ಳಿ, ಹೆತ್ತವರನ್ನೂ ಕರೆಯಿರಿ. ಖಾತೆ ನಡೆಸುವ ಯುವಕ ಯುವತಿಯರು 14416, 1098, 112, ಈ ಮೂರು ಸಂಖ್ಯೆಗಳನ್ನು ಇವತ್ತೇ ತಮ್ಮ ಪುಟದ ಮೇಲ್ಭಾಗದಲ್ಲಿ ಹಾಕಿಕೊಳ್ಳಲಿ. ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೂ ಮಾತನಾಡಬಹುದು, ಹಗಲು ರಾತ್ರಿ, ಉಚಿತವಾಗಿ.